ರೋಬೋಗಿಂತ ಮೊದಲು ಥರ್ಮಾಮೀಟರ್: ಬೇಕರಿಗೆ ಯಂತ್ರ ತರುವವರಿಗೆ

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯಲ್ಲಿ ಅಪ್ಪನ ಕಾಲದಿಂದ ನಡೆದು ಬಂದ ಬೇಕರಿ. ಈಗ ಸುತ್ತಲಿನ ಅಂಗಡಿಗಳಿಗೂ ಸಪ್ಲೈ ಮಾಡುತ್ತೇವೆ. ದಿನಕ್ಕೆ 400 ಗ್ರಾಂನ 3,500 ಬ್ರೆಡ್ ಹೋಗುತ್ತದೆ. ಜತೆಗೆ ಬನ್, ರಸ್ಕ್, ಖಾರ ಬನ್, ಪಫ್ಸ್, ದಿಲ್‌ಪಸಂದ್ ಇವೆ. ಟ್ರಾಲಿಯನ್ನೇ ಒಳಗಿಟ್ಟು ತಿರುಗಿಸಿ ಬೇಯಿಸುವ ಎರಡು ರೋಟರಿ ಒವನ್ ಇದೆ, 14 ಜನ ಕೆಲಸಕ್ಕಿದ್ದಾರೆ. ರಾತ್ರಿ ಪಾಳಿಗೆ ಹುಡುಗರು ಸಿಗುತ್ತಿಲ್ಲ. ಒಂದು ಪ್ರದರ್ಶನದಲ್ಲಿ ರೋಬೋ ಕೈ ಬ್ರೆಡ್ ಎತ್ತಿ ಕ್ರೇಟಿಗೆ ಜೋಡಿಸುವುದನ್ನು ನೋಡಿ ಬಂದೆ. ಅದರಿಂದಲೇ ಶುರು ಮಾಡಲೇ, ಇಲ್ಲ ಸಾಲ ಮಾಡಿ ಪೂರ್ತಿ ಆಟೊಮ್ಯಾಟಿಕ್ ಲೈನ್ ಹಾಕಲೇ? ಮೊದಲು ಯಾವ ಯಂತ್ರ ತಗೊಳ್ಳಬೇಕು?

ಉತ್ತರ: ಎರಡೂ ಬೇಡ. ಈಗಲೇ ಅಂತೂ ಬೇಡ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ನಿಮ್ಮ ಮನೆಯ ದುಡ್ಡಿನ ಪ್ರಶ್ನೆ, ಸುಮ್ನೆ ಒಂದು ಸಾಲಿನಲ್ಲಿ ಮುಗಿಸುವುದಲ್ಲ.

ನಾನು ಬೇಕರಿ ಲೈನ್‌ಗಳನ್ನು ಕೂರಿಸುವ, ರಿಪೇರಿ ಮಾಡುವ ಕೆಲಸದಲ್ಲಿ ಬಹಳ ವರ್ಷ ಕಳೆದವನು. ಅಲ್ಲಿ ಕಲಿತ ಮುಖ್ಯ ಸಂಗತಿ ಒಂದೇ. ಯಂತ್ರಕ್ಕೆ ದಿನಾ ಒಂದೇ ಥರದ ಹಿಟ್ಟು ಬೇಕು. ನಿಮ್ಮ ಹುಡುಗರಿಗೆ ಹಾಗಲ್ಲ. ಹಿಟ್ಟು ಸ್ವಲ್ಪ ಸಡಿಲವಾದರೆ ಕೈಗೆ ಮೈದಾ ಹಚ್ಚಿಕೊಳ್ಳುತ್ತಾರೆ. ಗಟ್ಟಿಯಾದರೆ ಹತ್ತು ನಿಮಿಷ ಬಿಟ್ಟು ಉಂಡೆ ಕಟ್ಟುತ್ತಾರೆ. ಬೇಗ ಉಬ್ಬಿದರೆ ಟ್ರಾಲಿಯನ್ನು ಮುಂಚೆಯೇ ಒವನ್‌ಗೆ ತಳ್ಳುತ್ತಾರೆ. ದಿನಕ್ಕೆ ಇಂಥ ನೂರು ಸಣ್ಣ ತಪ್ಪುಗಳನ್ನು ಅವರ ಬೆರಳು ಸರಿ ಮಾಡುತ್ತಿರುತ್ತದೆ. ನಿಮಗೂ ಗೊತ್ತಾಗುವುದಿಲ್ಲ, ಅವರಿಗೂ ಗೊತ್ತಾಗುವುದಿಲ್ಲ. ಆ ಬೆರಳನ್ನು ತೆಗೆದು ಅಲ್ಲಿ ಯಂತ್ರ ಇಟ್ಟ ದಿನ ಆ ನೂರೂ ತಪ್ಪು ಒಟ್ಟಿಗೆ ಎದ್ದು ಕಾಣುತ್ತವೆ.

ಒಂದು ಊರಿನ ಕಾರ್ಖಾನೆಯಲ್ಲಿ ನಡೆದದ್ದು ಹೇಳುತ್ತೇನೆ. ಹೊಸ ಡಿವೈಡರ್ ಬಂದಿತ್ತು. ಡಿವೈಡರ್ ಅಂದರೆ ಕಲಸಿದ ಹಿಟ್ಟನ್ನು ಉಂಡೆಗಳಾಗಿ ಕತ್ತರಿಸುವ ಯಂತ್ರ. ಏಪ್ರಿಲ್ ತಿಂಗಳು, ಶೆಡ್ಡಿನೊಳಗೆ ಕಾದ ಹೆಂಚಿನ ಸೆಕೆ. ಮೊದಲ ಉಂಡೆಗಳು 455 ಗ್ರಾಂ ಬಂದವು. ಅದೇ ಹಿಟ್ಟಿನ ಕೊನೆಯ ಉಂಡೆಗಳು 430ಕ್ಕೆ ಇಳಿದಿದ್ದವು. ಮಾಲೀಕರು ಯಂತ್ರ ಕೆಟ್ಟಿದೆ ಅಂದರು. ನಾನೂ ಮೊದಲ ದಿನ ಪಿಸ್ಟನ್ ಬಿಚ್ಚಿ ನೋಡಿದೆ. ತಪ್ಪು ನನ್ನದೇ, ಅಲ್ಲಿ ಏನೂ ಕೆಟ್ಟಿರಲಿಲ್ಲ. ಆ ಯಂತ್ರ ಹಿಟ್ಟನ್ನು ತೂಗುವುದಿಲ್ಲ, ಅಳೆಯುತ್ತದೆ. ಒಂದು ಗೂಡಿಗೆ ಹಿಡಿಯುವಷ್ಟನ್ನು ಎಳೆದು ಕತ್ತರಿಸುತ್ತದೆ. ಹಿಟ್ಟು ಮೇಲಿನ ಹಾಪರ್‌ನಲ್ಲಿ, ಅಂದರೆ ಹಿಟ್ಟು ಸುರಿಯುವ ಬಾನಿಯಲ್ಲಿ, ಕೂತು ಉಬ್ಬುತ್ತಿತ್ತು. ಒಳಗೆ ಗ್ಯಾಸ್ ಜಾಸ್ತಿ ಆದಂತೆ ಅದೇ ಗೂಡಿನಲ್ಲಿ ಹಿಡಿಯುವ ತೂಕ ಕಮ್ಮಿ ಆಗುತ್ತಿತ್ತು. ಕಲಸಿದ ಹಿಟ್ಟು 33 ಡಿಗ್ರಿ ಇತ್ತು. ಅದನ್ನು ಯಾರೂ ಅಳೆದೇ ಇರಲಿಲ್ಲ. ಹಿಂದೆ ತಕ್ಕಡಿ ಹಿಡಿದು ಕೂತಿದ್ದ ಹೆಂಗಸು ಪ್ರತಿ ಉಂಡೆಗೂ ಒಂದು ಚೂರು ಸೇರಿಸಿ, ಒಂದು ಚೂರು ತೆಗೆದು ಈ ಸಮಸ್ಯೆಯನ್ನು ವರ್ಷಗಟ್ಟಲೆ ಮುಚ್ಚಿಟ್ಟಿದ್ದರು.

ಹಾಗಾಗಿ ನೀವು ಮೊದಲು ತಗೊಳ್ಳಬೇಕಾದದ್ದು ಮೂರು. ಒಂದು ಒಳ್ಳೆಯ ಥರ್ಮಾಮೀಟರ್, ಒಂದು ಒಳ್ಳೆಯ ತಕ್ಕಡಿ, ತಣ್ಣೀರು ಕೊಡುವ ಒಂದು ಚಿಲ್ಲರ್. ಚಿಲ್ಲರ್ ಆಗದಿದ್ದರೆ ಐಸ್. ಕಲಸಿದ ಮೇಲೆ ಬ್ರೆಡ್ ಹಿಟ್ಟು 26ರಿಂದ 28 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು, ಪ್ರತಿ ಸಲವೂ.

ಇದಕ್ಕೆ ಬೇಕರಿಯವರ ಹಳೆಯ ಲೆಕ್ಕ ಒಂದಿದೆ. ಬೇಕಾದ ಉಷ್ಣಾಂಶವನ್ನು ಮೂರರಿಂದ ಗುಣಿಸಿ. ಅದರಿಂದ ಮೈದಾದ ಬಿಸಿ, ಕೋಣೆಯ ಬಿಸಿ, ಮಿಕ್ಸರ್ ತಿರುಗುವಾಗ ಹುಟ್ಟುವ ಬಿಸಿ ಇವನ್ನು ಕಳೆಯಿರಿ. ಉಳಿದದ್ದೇ ನೀರು ಇರಬೇಕಾದ ಉಷ್ಣಾಂಶ. ನಿಮಗೆ 27 ಬೇಕು ಅಂದುಕೊಳ್ಳಿ. ಮೂರರಿಂದ ಗುಣಿಸಿದರೆ 81. ಮೈದಾ 30, ಕೋಣೆ 31, ಮಿಕ್ಸರ್‌ನದು 12, ಒಟ್ಟು 73. ಉಳಿದದ್ದು 8. ಅಂದರೆ 8 ಡಿಗ್ರಿ ನೀರು ಹಾಕಬೇಕು. ನಿಮ್ಮ ನಲ್ಲಿಯಲ್ಲಿ ಬರುವುದು 28 ಡಿಗ್ರಿ ಇರಬಹುದು. ಒಂದು 50 ಕಿಲೋ ಚೀಲ ಮೈದಾಕ್ಕೆ 30 ಕಿಲೋ ನೀರು ಹಾಕುತ್ತೀರಿ ಅಂದರೆ, ಅದರಲ್ಲಿ ಸುಮಾರು ಐದೂವರೆ ಕಿಲೋ ಐಸ್ ಆಗಿರಬೇಕು. ಐಸ್ ಕುಡಿಯುವ ನೀರಿನದೇ ಆಗಿರಲಿ, ಚೂರು ಮಾಡಿಯೇ ಹಾಕಿ. ಮಿಕ್ಸರ್‌ನ ಬಿಸಿ ಎಷ್ಟು ಅಂತ ತಿಳಿಯಲು ಒಂದು ದಿನ ಎಲ್ಲವನ್ನೂ ಅಳೆದು ಇದೇ ಲೆಕ್ಕವನ್ನು ಹಿಂದಿನಿಂದ ಮಾಡಿ. ಕಲಸಿದ ಹಿಟ್ಟಿನ ಉಷ್ಣಾಂಶವನ್ನು ಮೂರರಿಂದ ಗುಣಿಸಿ, ಕೋಣೆ, ಮೈದಾ, ನೀರು ಮೂರರ ಮೊತ್ತ ಕಳೆದರೆ ಸಿಗುತ್ತದೆ. ಪ್ರತಿ ಮಿಕ್ಸರ್‌ಗೂ, ಪ್ರತಿ ಅಳತೆಯ ಹಿಟ್ಟಿಗೂ ಅದು ಬೇರೆ ಬೇರೆ.

ಇಂಗ್ಲೆಂಡಿನ ಚಾರ್ಲಿವುಡ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ 1961ರಲ್ಲಿ ರೂಪಿಸಿದ ಬ್ರೆಡ್ ವಿಧಾನ ಇವತ್ತಿನ ದೊಡ್ಡ ಕಾರ್ಖಾನೆಗಳಿಗೆ ದಾರಿ ಮಾಡಿಕೊಟ್ಟಿತು. ಗಂಟೆಗಟ್ಟಲೆ ಹುದುಗಿಸುವ ಬದಲು ಜೋರಾಗಿ ತಿರುಗುವ ಮಿಕ್ಸರ್‌ನಲ್ಲಿ ಐದು ನಿಮಿಷದೊಳಗೆ ಹಿಟ್ಟು ಸಿದ್ಧ. ಅದರ ಗುಟ್ಟು ಬರೀ ವೇಗ ಅಂತ ಜನ ತಿಳಿದಿದ್ದಾರೆ. ಅವರು ಹಿಡಿದದ್ದು ಅಳತೆ. ಪ್ರತಿ ಕಿಲೋ ಹಿಟ್ಟಿಗೆ ಸುಮಾರು 11 ವ್ಯಾಟ್-ಗಂಟೆ ಶಕ್ತಿ ಹೋಗಬೇಕು, ಅದು ಹೋದ ಕೂಡಲೇ ಮಿಕ್ಸರ್ ನಿಲ್ಲಬೇಕು. ಗಡಿಯಾರ ನೋಡಿ ನಿಲ್ಲಿಸುವುದಲ್ಲ, ಕರೆಂಟಿನ ಮೀಟರ್ ನೋಡಿ ನಿಲ್ಲಿಸುವುದು. ನಿಮಗೆ ಆ ಮಿಕ್ಸರ್ ಬೇಡ, ನಿಮ್ಮ ಸ್ಪೈರಲ್ ಮಿಕ್ಸರ್ ಸಾಕು. ಆದರೆ ಅಳತೆ ಹಿಡಿಯುವ ಆ ಅಭ್ಯಾಸ ಬೇಕೇ ಬೇಕು.

ಮೈದಾದ ವಿಷಯ ಇನ್ನೊಂದು. ಹಿಂದೆ ಎಷ್ಟೋ ಬೇಕರಿಗಳು ಬ್ರೆಡ್ ಚೆನ್ನಾಗಿ ಉಬ್ಬಲು ಹಾಕುವ ಪೊಟಾಷಿಯಂ ಬ್ರೋಮೇಟ್ ಎಂಬ ಪುಡಿಯನ್ನು ನೆಚ್ಚಿಕೊಂಡಿದ್ದವು. ಅದು ಮೈದಾದ ಎಷ್ಟೋ ಕುಂದುಗಳನ್ನು ಮುಚ್ಚುತ್ತಿತ್ತು. 2016ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅದನ್ನು ನಿಷೇಧಿಸಿತು. ಮಾಡಿದ್ದು ಸರಿ, ಅದು ಕ್ಯಾನ್ಸರ್ ಭಯ ಇದ್ದ ವಸ್ತು. ಈಗ ಆಸ್ಕಾರ್ಬಿಕ್ ಆ್ಯಸಿಡ್ (ವಿಟಮಿನ್ ಸಿ) ಮತ್ತು ಎನ್‌ಜೈಮ್‌ಗಳಿಂದ ಕೆಲಸ ಮಾಡಬೇಕು. ಅವು ಮೈದಾ ಬದಲಾದರೆ ಬೇಗ ಮುನಿಸಿಕೊಳ್ಳುತ್ತವೆ. ಮಿಲ್ಲಿನವರ ಹತ್ತಿರ ಪ್ರತಿ ಲೋಡಿಗೂ ಪ್ರೋಟೀನ್, ತೇವಾಂಶ, ನೀರು ಹೀರುವ ಪ್ರಮಾಣ ಬರೆದ ಕಾಗದ ಕೇಳಿ. ಕೊಡುವುದಿಲ್ಲ ಅಂದರೆ ಮಿಲ್ ಬದಲಿಸಿ. ನಿಮ್ಮಿಂದ ಮೈಸೂರು ದೂರವೇನಲ್ಲ. ಅಲ್ಲಿನ ಸಿಎಫ್‌ಟಿಆರ್‌ಐ ಹಿಟ್ಟು ಮತ್ತು ಬೇಕರಿ ವಿಷಯದಲ್ಲಿ ದೇಶದಲ್ಲೇ ಹೆಸರಾದ ಸಂಸ್ಥೆ. ಚಪಾತಿ ಯಂತ್ರ, ದೋಸೆ ಯಂತ್ರ ಮಾಡಿದವರೂ ಅವರೇ. ನಿಮ್ಮ ಮೇಸ್ತ್ರಿಯನ್ನು ಅವರ ಒಂದು ಬೇಕರಿ ತರಬೇತಿಗೆ ಕಳಿಸಿ. ಆ ಖರ್ಚು ಯಾವ ಯಂತ್ರಕ್ಕಿಂತಲೂ ಬೇಗ ವಾಪಸ್ ಬರುತ್ತದೆ.

ಈಗ ಲೈನ್‌ನ ಮಾತು. ಮಾರುವವರು ಡಿವೈಡರ್ ಗಂಟೆಗೆ 1,500 ಉಂಡೆ ಹೊಡೆಯುತ್ತದೆ ಅಂತ ತೋರಿಸುತ್ತಾರೆ. ಅದು ನಿಜವೇ. ಆದರೆ ನಿಮ್ಮ ಒವನ್ ಎಷ್ಟು ತಿನ್ನುತ್ತದೆ? ಟ್ರಾಲಿಗೆ 120 ಬ್ರೆಡ್ ಅಂತ ಇಟ್ಟುಕೊಳ್ಳೋಣ. ಬೇಯಲು 30 ನಿಮಿಷ. ಬಾಗಿಲು ತೆಗೆದು, ಟ್ರಾಲಿ ಬದಲಿಸಿ, ಮತ್ತೆ ಕಾವು ಏರಲು 10 ನಿಮಿಷ. ಒಂದು ಒವನ್ ಗಂಟೆಗೆ 180 ಬ್ರೆಡ್ ಕೊಡುತ್ತದೆ. ಎರಡು ಸೇರಿ 360. ನಿಮ್ಮ 3,500 ಬ್ರೆಡ್‌ಗೆ ಹತ್ತಿರ ಹತ್ತು ಗಂಟೆ ಬೇಕು. ಬನ್ನು, ರಸ್ಕು ಇನ್ನೂ ಬಾಕಿ. ಹಾಗಿದ್ದ ಮೇಲೆ 1,500ರ ಡಿವೈಡರ್ ತಂದು ಏನು ಮಾಡುತ್ತೀರಿ? ಉಂಡೆಗಳು ಸಾಲುಗಟ್ಟಿ ಕಾಯುತ್ತವೆ. ಕಾಯುತ್ತಾ ಕಾಯುತ್ತಾ ಹೆಚ್ಚು ಉಬ್ಬಿ ಹುಳಿಯಾಗುತ್ತವೆ. ನಿಮ್ಮ ಕತ್ತು ಹಿಡಿದಿರುವುದು ಒವನ್. ರಾತ್ರಿ ಪಾಳಿ ಅಷ್ಟುದ್ದ ಆಗಿರುವುದೂ ಬಹುಶಃ ಅದರಿಂದಲೇ. ಇನ್ನೊಂದು ಒವನ್ ಬಂದರೆ ಅದೇ ಕೆಲಸ ಆರೂವರೆ ಗಂಟೆಗೆ ಇಳಿಯುತ್ತದೆ. ಆಗ ಬೆಳಗಿನ ಜಾವ ಬಂದು ಮಾಡುವವರು ಸಿಗುತ್ತಾರೆ. ಹುಡುಗರು ಬರದಿರುವುದು ಕೆಲಸಕ್ಕೆ ಹೆದರಿ ಅಲ್ಲ, ರಾತ್ರಿಗೆ ಬೇಸತ್ತು.

ಡಿವೈಡರ್ ತಗೊಳ್ಳುವಾಗ ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ. ಒಂದು ಸಲ ಕಲಸಿದ ಹಿಟ್ಟು 15ರಿಂದ 20 ನಿಮಿಷದೊಳಗೆ ಡಿವೈಡರ್ ದಾಟಿ ಹೋಗಬೇಕು. 50 ಕಿಲೋ ಮೈದಾದಿಂದ ನೀರು, ಸಕ್ಕರೆ, ಎಣ್ಣೆ ಎಲ್ಲ ಸೇರಿ ಸುಮಾರು 82 ಕಿಲೋ ಹಿಟ್ಟು ಆಗುತ್ತದೆ. 450 ಗ್ರಾಂನ 180 ಚಿಲ್ಲರೆ ಉಂಡೆ. ಗಂಟೆಗೆ 600ರಿಂದ 800 ಉಂಡೆ ಮಾಡುವ ಸಣ್ಣ ಡಿವೈಡರ್ ನಿಮಗೆ ಧಾರಾಳ ಸಾಕು. ಸಣ್ಣ ಸಣ್ಣ ಹಿಟ್ಟು, ಪದೇ ಪದೇ. ದೊಡ್ಡ ಹಿಟ್ಟು ಕಲಸಿದರೆ ಕೆಲಸ ಬೇಗ ಮುಗಿಯುತ್ತದೆ ಅನ್ನಿಸುತ್ತದೆ ಅಲ್ವಾ? ಅಲ್ಲಿಂದಲೇ ತೂಕ ತಪ್ಪಲು ಶುರು.

450 ಗ್ರಾಂ ಯಾಕೆ ಅಂದೆ ಅಂದರೆ, ಬೇಯುವಾಗ, ಆರುವಾಗ ಹತ್ತರಲ್ಲೊಂದು ಪಾಲು ತೂಕ ಆವಿಯಾಗಿ ಹೋಗುತ್ತದೆ. ತೂಕ ಕಮ್ಮಿಯಾದೀತು ಅಂತ ಹೆದರಿ ಪ್ರತಿ ಉಂಡೆಗೂ 10 ಗ್ರಾಂ ಜಾಸ್ತಿ ಇಟ್ಟರೆ ದಿನಕ್ಕೆ 35 ಕಿಲೋ ಹಿಟ್ಟು ಪುಕ್ಕಟೆ ಹೋಗುತ್ತದೆ. ಅದು 75ಕ್ಕೂ ಮೇಲೆ ಬ್ರೆಡ್. ಡಿವೈಡರ್ ಸಾಲ ತೀರಿಸುವುದು ಕೂಲಿ ಉಳಿತಾಯದಿಂದ ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ನಾನು ನೋಡಿದ ಕಡೆಗಳಲ್ಲಿ ಈ 10 ಗ್ರಾಂ ಅದಕ್ಕಿಂತ ಹೆಚ್ಚು ತೀರಿಸಿದೆ. ಗೋಧಿ ಬ್ರೆಡ್ ಮಾಡುತ್ತಿದ್ದರೆ ಮಾತ್ರ ಹುಷಾರು. ಚಕ್ಕಿ ಆಟಾ ನೀರು ಜಾಸ್ತಿ ಕುಡಿಯುತ್ತದೆ, ಹಿಟ್ಟು ಅಂಟುತ್ತದೆ. ಮೈದಾಕ್ಕೆ ಚೆನ್ನಾಗಿ ಓಡಿದ ಯಂತ್ರ ಅದಕ್ಕೆ ತಡವರಿಸುತ್ತದೆ. ಎರಡನ್ನೂ ಒಯ್ದು ಓಡಿಸಿ ನೋಡಿಯೇ ಮುಂಗಡ ಕೊಡಿ. ನಿಮ್ಮ ಮೈದಾ, ನಿಮ್ಮ ಈಸ್ಟ್, ನಿಮ್ಮ ಮೇಸ್ತ್ರಿ. ಅವರ ಶೋರೂಮಿನ ಹಿಟ್ಟಿನಲ್ಲಿ ಎಲ್ಲ ಯಂತ್ರವೂ ಚೆನ್ನಾಗಿಯೇ ಓಡುತ್ತದೆ.

ಒವನ್ ಆದ ಮೇಲಿನ ಭಾಗಕ್ಕೆ ಬರೋಣ. ನಿಮ್ಮಂಥ ಬೇಕರಿಗಳು ಹೆಚ್ಚು ಸೋಲುವುದು ಇಲ್ಲಿಯೇ, ಗಮನ ಕಡಿಮೆ ಇರುವುದೂ ಇಲ್ಲಿಯೇ. ಬ್ರೆಡ್ ಒವನ್‌ನಿಂದ ಬರುವಾಗ ನಡುಭಾಗ 95 ಡಿಗ್ರಿ ದಾಟಿರುತ್ತದೆ. ಅಷ್ಟು ಕಾವಿನಲ್ಲಿ ಬೂಸ್ಟಿನ ಕಣ ಉಳಿಯುವುದಿಲ್ಲ. ಬೂಸ್ಟು ಬರುವುದು ಆಮೇಲೆ, ಗಾಳಿಯಿಂದ, ಕೈಯಿಂದ, ಸ್ಲೈಸರ್ ಬ್ಲೇಡಿನಿಂದ. ಆರಿಸುವ ಟ್ರಾಲಿಯನ್ನು ಮೈದಾ ಜರಡಿ ಹಿಡಿಯುವ ಜಾಗದ ಪಕ್ಕದಲ್ಲೇ ನಿಲ್ಲಿಸಿರುತ್ತಾರೆ. ಮೇಲೆ ಫ್ಯಾನ್ ಬೇರೆ. ನಡುಭಾಗ 35 ಡಿಗ್ರಿ ಆಸುಪಾಸಿಗೆ ಇಳಿಯುವ ಮೊದಲು ಕತ್ತರಿಸಿದರೆ ಬ್ಲೇಡಿಗೆ ಅಂಟುತ್ತದೆ. ಬಿಸಿ ಇರುವಾಗ ಕವರ್ ಹಾಕಿದರೆ ಒಳಗೆ ಬೆವರುತ್ತದೆ. ಮೂರನೇ ದಿನಕ್ಕೆ ಹಸಿರು ಚುಕ್ಕಿ. ಬೇಸಿಗೆಯಲ್ಲಿ ಶೆಡ್ಡೇ 33 ಡಿಗ್ರಿ ಇದ್ದರೆ ಬ್ರೆಡ್ ಆರುವುದಾದರೂ ಹೇಗೆ?

ಇನ್ನೊಂದು ಕಾಟ ಇದೆ. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದ ಬೀಜಕಣಗಳು ಒವನ್ ಕಾವಿಗೂ ಸಾಯುವುದಿಲ್ಲ. ಬ್ರೆಡ್ ನಿಧಾನ ಆರಿದರೆ, ಸೆಕೆಯಲ್ಲಿ ಕೂತರೆ, ನಡುಭಾಗ ಅಂಟಂಟಾಗಿ ನೂಲು ಎಳೆಯುತ್ತದೆ, ಕೊಳೆತ ಹಣ್ಣಿನ ವಾಸನೆ ಬರುತ್ತದೆ. ಬ್ರೆಡ್ ಕೆಡದಂತೆ ಕಾಯುವ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಪುಡಿಯನ್ನು ಮಿತಿಯೊಳಗೆ ಹಾಕುವುದು ಅದಕ್ಕೇ. ಆದರೆ ಪುಡಿಯ ಮೇಲೆ ಭಾರ ಹಾಕುವ ಬದಲು ಬ್ರೆಡ್ ಆರಿಸಲೆಂದೇ ಒಂದು ಬೇರೆ ಕೋಣೆ ಮಾಡಿ. ಸೋಸಿದ ತಂಪು ಗಾಳಿ, ಗೋಡೆಗೆ ತೊಳೆಯುವ ಬಣ್ಣ, ಒಳಗೆ ಹೋಗುವವರಿಗೆ ಬೇರೆ ಚಪ್ಪಲಿ. ನನ್ನ ಕೇಳಿದರೆ ಮೂರನೇ ಒವನ್ ಜತೆಗೆ ನೀವು ಮಾಡಬೇಕಾದ ಮೊದಲ ದೊಡ್ಡ ಖರ್ಚು ಇದೇ. ಇದರಲ್ಲಿ ಹಲ್ಲುಚಕ್ರ ಇಲ್ಲ, ಕಂಪ್ಯೂಟರ್ ಪರದೆ ಇಲ್ಲ, ನೋಡಲು ಬಂದವರಿಗೆ ತೋರಿಸಲು ಏನೂ ಇಲ್ಲ. ಆದರೂ ಅಂಗಡಿಯಿಂದ ವಾಪಸ್ ಬರುವ ಬ್ರೆಡ್ ಇದರಿಂದ ಕಮ್ಮಿ ಆಗುತ್ತದೆ.

ಸ್ಲೈಸರ್ ಮತ್ತು ಪ್ಯಾಕಿಂಗ್ ಒಂದೇ ಕೆಲಸದ ಎರಡು ತುದಿ. ಅಮೆರಿಕದ ಓಟೊ ರೋವೆಡರ್ ಬ್ರೆಡ್ ಕತ್ತರಿಸುವ ಯಂತ್ರಕ್ಕಾಗಿ ವರ್ಷಗಟ್ಟಲೆ ದುಡಿದರು. 1917ರ ಬೆಂಕಿಯಲ್ಲಿ ಅವರ ಮಾದರಿ, ನಕ್ಷೆ ಎಲ್ಲ ಸುಟ್ಟುಹೋದವು. ಕೊನೆಗೆ 1928ರ ಜುಲೈಯಲ್ಲಿ ಮಿಸೌರಿಯ ಚಿಲಿಕಾಥಿ ಎಂಬ ಊರಿನಲ್ಲಿ ಅವರ ಯಂತ್ರ ಕತ್ತರಿಸಿದ ಬ್ರೆಡ್ ಮಾರಾಟಕ್ಕೆ ಬಂತು. ಅವರನ್ನು ಕಾಡಿದ್ದು ಕತ್ತರಿಸುವ ಕಷ್ಟ ಮಾತ್ರ ಅಲ್ಲ. ಕತ್ತರಿಸಿದ ಚೂರುಗಳು ಒಣಗುವುದನ್ನು ಹೇಗೆ ತಡೆಯುವುದು ಅನ್ನುವುದೇ ದೊಡ್ಡ ತಲೆನೋವು. ಮೊದಲು ಟೋಪಿಗೆ ಚುಚ್ಚುವ ಪಿನ್ನುಗಳಿಂದ ಚೂರುಗಳನ್ನು ಒಟ್ಟಿಗೆ ಹಿಡಿಸಲು ನೋಡಿದರಂತೆ. ಕಾಗದ ಸುತ್ತಿದ ಮೇಲೆಯೇ ವಿಷಯ ಬಗೆಹರಿದದ್ದು. ನೀವೂ ಸ್ಲೈಸರ್, ಕವರ್ ತುಂಬುವುದು, ಮೆಟಲ್ ಡಿಟೆಕ್ಟರ್, ತೂಕ ನೋಡುವುದು ನಾಲ್ಕನ್ನೂ ಒಂದೇ ಮೇಜಿನ ಸಾಲಾಗಿ ಯೋಚಿಸಿ. ಮೆಟಲ್ ಡಿಟೆಕ್ಟರ್ ಬಿಡಬೇಡಿ. ಬ್ಲೇಡ್ ತುಂಡಾಗುವುದು ನಾನು ಕಣ್ಣಾರೆ ಕಂಡ ಸಂಗತಿ.

ಈಗ ನೀವು ಕಂಡ ರೋಬೋ. ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ರೇಮಂಡ್ ಕ್ಲಾವೆಲ್ ಅನ್ನುವವರು 1980ರ ದಶಕದಲ್ಲಿ ಮೂರು ತೆಳು ತೋಳಿನ ಡೆಲ್ಟಾ ರೋಬೋ ರೂಪಿಸಿದರು. ಚಾಕೊಲೇಟ್ ತುಂಡುಗಳನ್ನು ಪೆಟ್ಟಿಗೆಗೆ ಜೋಡಿಸುವಂಥ ಹಗುರ, ವೇಗದ ಕೆಲಸಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ಮೋಟಾರುಗಳೆಲ್ಲ ಮೇಲೆ ನಿಂತಿರುತ್ತವೆ, ಓಡಾಡುವುದು ಹಗುರ ಕಡ್ಡಿಗಳು ಮಾತ್ರ. ಅದಕ್ಕೇ ಅಷ್ಟು ಚುರುಕು. ದೊಡ್ಡ ಕಾರ್ಖಾನೆಗಳಲ್ಲಿ ಇಂಥ ರೋಬೋಗಳು ಬನ್ನು, ಕೇಕು, ಬಿಸ್ಕತ್ತು ಎತ್ತಿಡುತ್ತವೆ. ಗಟ್ಟಿ ತೋಳಿನವು ಕ್ರೇಟ್ ಪೇರಿಸುತ್ತವೆ. ರಬ್ಬರ್ ಕಪ್ಪುಗಳು ಗಾಳಿ ಹೀರಿ ಬ್ರೆಡ್ಡನ್ನು ಅಚ್ಚಿನಿಂದ ಎತ್ತುತ್ತವೆ. ಸೊಗಸಾದ ಕೆಲಸ. ನಾನು ಈಗಲೂ ನಿಂತು ನೋಡುತ್ತೇನೆ.

ಆದರೆ ನಿಮ್ಮ ಲೆಕ್ಕಕ್ಕೆ ತನ್ನಿ. ನಿಮ್ಮ ಒವನ್‌ಗಳು ಗಂಟೆಗೆ 360 ಬ್ರೆಡ್ ಕೊಡುತ್ತವೆ, ನಿಮಿಷಕ್ಕೆ ಆರು. ಅಂಥ ರೋಬೋ ನಿಮಿಷಕ್ಕೆ 60 ಸಲ ಆರಾಮಾಗಿ ಎತ್ತಿಡುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಹೊತ್ತು ಅದು ಕೈಕಟ್ಟಿ ನಿಂತಿರುತ್ತದೆ, ಬಡ್ಡಿ ಮಾತ್ರ ಓಡುತ್ತಿರುತ್ತದೆ. ಅದೂ ಅಲ್ಲದೆ ಅದಕ್ಕೆ ಬ್ರೆಡ್ ಒಂದೇ ಎತ್ತರ, ಒಂದೇ ದಿಕ್ಕು, ಒಂದೇ ಗಟ್ಟಿತನದಲ್ಲಿ ಬರಬೇಕು. ಓರೆಯಾಗಿ ಉಬ್ಬಿದ ಬ್ರೆಡ್ಡಿನ ಮೇಲೆ ರಬ್ಬರ್ ಕಪ್ಪು ಹಿಡಿತ ಕಳೆದುಕೊಳ್ಳುತ್ತದೆ. ಮತ್ತೆ ಅದೇ ಮಾತಿಗೆ ಬಂದೆವು, ಹಿಟ್ಟಿಗೆ.

ಪೂರ್ತಿ ಲೈನ್ ಬೇಡ ಅಂದದ್ದಕ್ಕೆ ಕಾರಣ ನಿಮ್ಮ ಖಾರ ಬನ್ನು ಮತ್ತು ದಿಲ್‌ಪಸಂದ್. ಲೈನ್ ಅನ್ನುವುದು ದಿನವಿಡೀ ಒಂದೇ ಪದಾರ್ಥಕ್ಕೆ ಮಾಡಿದ್ದು. ನೀವು ದಿನಕ್ಕೆ ಆರು ಬಗೆ ಮಾಡುತ್ತೀರಿ. ಪ್ರತಿ ಸಲ ಬಿಚ್ಚಿ, ಕೆರೆದು, ಬೇರೆ ಅಚ್ಚು ಕೂರಿಸುವ ಹೊತ್ತಿನಲ್ಲಿ ನಿಮ್ಮ ನಾಲ್ಕು ಜನ ಆ ಕೆಲಸವನ್ನೇ ಮುಗಿಸಿರುತ್ತಾರೆ. ಹೂರಣ ತುಂಬುವ ಯಂತ್ರಗಳೂ ಇವೆ. ಜಪಾನಿನ ಉಟ್ಸುನೊಮಿಯಾದಲ್ಲಿ 1963ರಲ್ಲಿ ಶುರುವಾದ ರಿಯಾನ್ ಕಂಪನಿ ಹೆಸರು ಮಾಡಿದ್ದೇ ಅದರಲ್ಲಿ. ಆದರೆ ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ ಕಣ್ಣಳತೆಯಲ್ಲಿ ಬಿದ್ದ ಖಾರ ಬನ್ನಿಗೆ ಜನ ನಿಮ್ಮ ಅಂಗಡಿ ಹುಡುಕಿಕೊಂಡು ಬರುತ್ತಾರೆ. ಅದನ್ನು ಕೈಯಲ್ಲೇ ಇಟ್ಟುಕೊಳ್ಳಿ. ಪಫ್ಸ್‌ಗೆ, ದಿಲ್‌ಪಸಂದ್‌ಗೆ ಒಂದು ಶೀಟರ್ ಮಾತ್ರ ತಗೊಳ್ಳಿ. ಹಾಳೆ ಒಂದೇ ದಪ್ಪಕ್ಕೆ ಬರುತ್ತದೆ, ಲಟ್ಟಣಿಗೆ ಹಿಡಿದ ಭುಜಕ್ಕೂ ಬಿಡುವು ಸಿಗುತ್ತದೆ. ಅದರ ರೋಲರ್ ಮುಂದಿನ ಜಾಲರಿಯನ್ನು ಯಾವತ್ತೂ ತೆಗೆಯಲು ಬಿಡಬೇಡಿ. ಹಿಟ್ಟು ತೆಗೆಯಲು ಹೋಗಿ ಎರಡು ಬೆರಳು ಕಳೆದುಕೊಂಡ ಹುಡುಗನನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಆವತ್ತು ಜಾಲರಿ ಗೋಡೆಗೆ ಒರಗಿ ನಿಂತಿತ್ತು.

ಕೆಲಸದವರ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. 50 ಕಿಲೋ ಚೀಲ ಎತ್ತುವುದು, ಒವನ್ ಬಾಯಿಯಲ್ಲಿ ನಿಲ್ಲುವುದು, ಮೈದಾ ದೂಳು ಕುಡಿಯುವುದು, ಇವನ್ನು ಮೊದಲು ಯಂತ್ರಕ್ಕೆ ಕೊಡಿ. ಮೈದಾ ದೂಳಿನಿಂದ ಉಬ್ಬಸ ಬರುತ್ತದೆ, ಬೇಕರಿಯವರ ಉಬ್ಬಸ ಅಂತಲೇ ಅದಕ್ಕೆ ಹೆಸರಿದೆ. ಜರಡಿಗೆ ಮುಚ್ಚಳ, ದೂಳು ಹೀರುವ ಪೈಪು, ಚೀಲ ಎತ್ತುವ ಸಣ್ಣ ಲಿಫ್ಟು, ಇವು ದೊಡ್ಡ ಖರ್ಚಲ್ಲ. ಮತ್ತೆ ಹೊಸ ಯಂತ್ರದ ಮುಂದೆ ಕಂಪ್ಯೂಟರ್ ಬಲ್ಲ ಹೊಸ ಹುಡುಗನನ್ನು ನಿಲ್ಲಿಸಬೇಡಿ. ಹಿಟ್ಟು ಮುಟ್ಟಿ ಹೇಳಬಲ್ಲ ನಿಮ್ಮ ಹಳೆಯ ಮೇಸ್ತ್ರಿಯನ್ನೇ ನಿಲ್ಲಿಸಿ. ಪರದೆ ಒತ್ತುವುದನ್ನು ಎರಡು ವಾರದಲ್ಲಿ ಕಲಿಯಬಹುದು. ಹಿಟ್ಟು ತಿಳಿಯಲು ಅವರಿಗೆ ಇಪ್ಪತ್ತು ವರ್ಷ ಹಿಡಿದಿದೆ. ಪರದೆಯ ಮಾತುಗಳು ಕನ್ನಡದಲ್ಲೇ ಬರಲಿ ಅಂತ ಆರ್ಡರ್ ಕೊಡುವಾಗಲೇ ಬರೆಸಿ, ಆಮೇಲೆ ಯಾರೂ ಮಾಡಿಕೊಡುವುದಿಲ್ಲ.

ಅದೇ ಕಾಗದದಲ್ಲಿ ಇನ್ನೆರಡು ಬರೆಸಿ. ಪಿಎಲ್‌ಸಿ, ಅಂದರೆ ಯಂತ್ರವನ್ನು ನಡೆಸುವ ಸಣ್ಣ ಕಂಪ್ಯೂಟರ್, ಅದರ ಪ್ರೋಗ್ರಾಮಿನ ಪ್ರತಿ ಮತ್ತು ಪಾಸ್‌ವರ್ಡ್ ನಿಮ್ಮ ಕೈಗೆ ಬರಬೇಕು. ಬೇಗ ಸವೆಯುವ ಭಾಗಗಳು ಒಂದು ವರ್ಷಕ್ಕಾಗುವಷ್ಟು ಜತೆಯಲ್ಲೇ ಬರಬೇಕು. ಕರೆಂಟು ಏರಿಳಿತ ಇರುವ ಕಡೆ ಸ್ಟೆಬಿಲೈಸರ್, ಸರಿಯಾದ ಅರ್ತಿಂಗ್ ಇಲ್ಲದೆ ಸರ್ವೋ ಮೋಟಾರ್ (ಕಂಪ್ಯೂಟರ್ ಹೇಳಿದಷ್ಟೇ ಕರಾರುವಾಕ್ಕಾಗಿ ತಿರುಗುವ ಮೋಟಾರ್) ಹಾಕಿಸಬೇಡಿ. ಜನರೇಟರ್ ಲೆಕ್ಕ ಹಾಕುವಾಗ ಮಿಕ್ಸರ್ ಶುರುವಾಗುವ ಹೊತ್ತಿನ ಎಳೆತ ನೋಡಿ. ಮುಂದೆ ಯಾವತ್ತಾದರೂ ಬೆಲ್ಟಿನ ಮೇಲೆ ಬೇಯಿಸುವ ಟನೆಲ್ ಒವನ್‌ಗೆ ಹೋದರೆ, ಕರೆಂಟು ಹೋದಾಗ ಬೆಲ್ಟನ್ನು ಕೈಯಲ್ಲಿ ತಿರುಗಿಸುವ ಹಿಡಿ ಇದೆಯಾ ಕೇಳಿ. ಇಲ್ಲದಿದ್ದರೆ ಒಳಗಿರುವ ಅಷ್ಟೂ ಬ್ರೆಡ್ ಇದ್ದಲು.

ದುಡ್ಡಿನ ವಿಷಯದಲ್ಲಿ, ಸಣ್ಣ ಆಹಾರ ಘಟಕಗಳಿಗೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆ ಸಾಲದ ಜತೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಟ್ಟಿತ್ತು. ಜಿಲ್ಲಾ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ತಂಪು ಕೋಣೆ, ಸಣ್ಣ ಡಿವೈಡರ್, ಸ್ಲೈಸರ್ ಸಾಲಿಗೆ ಅಷ್ಟು ನೆರವು ಸಿಕ್ಕರೆ ದೊಡ್ಡದು.

ನಾಳೆಯಿಂದಲೇ ಒಂದು ಕೆಲಸ ಮಾಡಿ. ಮಿಕ್ಸರ್ ಪಕ್ಕ ಒಂದು ನೋಟ್‌ಬುಕ್ ಕಟ್ಟಿ. ಪ್ರತಿ ಹಿಟ್ಟಿಗೂ ಮೈದಾ, ಕೋಣೆ, ನೀರು, ಕಲಸಿದ ಹಿಟ್ಟು ಈ ನಾಲ್ಕರ ಉಷ್ಣಾಂಶ ಬರೆಸಿ. ಒವನ್‌ಗೆ ಟ್ರಾಲಿ ಹೋದ ಹೊತ್ತು, ಬಂದ ಹೊತ್ತು ಬರೆಸಿ. ಪ್ರತಿ ಟ್ರಾಲಿಯಿಂದ ಐದು ಬ್ರೆಡ್ ತೂಗಿ ಬರೆಸಿ. ವಾಪಸ್ ಬಂದ ಬ್ರೆಡ್ ಎಷ್ಟು, ಯಾಕೆ ಅಂತಲೂ ಬರೆಸಿ. ಹದಿನೈದು ದಿನ ಆದ ಮೇಲೆ ಆ ಪುಟಗಳ ಫೋಟೋ ತೆಗೆದು ನನಗೆ ಕಳಿಸಿ. ಡಿವೈಡರ್ ಯಾವ ಅಳತೆಯದು, ಮೂರನೇ ಒವನ್ ಎಷ್ಟು ದೊಡ್ಡದು ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.